ಎಂಟನೆಯ ಕುರ್ತಾ

ಬುಷರಾಳ ಗಣಿತದ ನೋಟುಬುಕ್ಕಿನ ಒಂದು ಕೆಂಪು ಗೀಟು, ಬೈಕುಲ್ಲಾದ ಚಾಳಿನ ಟೇಲರ್ ಸಿಕಂದರನ ಬೆಳಗಿನ ಚಹಾವನ್ನೇ ಕಹಿ ಮಾಡಿತು. ಲೆಕ್ಕವೇನೋ ಅವನ ಕಸುಬಿನದೇ. ಇಪ್ಪತ್ತು ಮೀಟರ್ ಕಾಟನ್ ಬಟ್ಟೆ, ಒಂದು ಕುರ್ತಾಕ್ಕೆ ಎರಡೂವರೆ ಮೀಟರ್. ಎಷ್ಟು ಕುರ್ತಾ ಆಗುತ್ತವೆ? ನಿನ್ನೆ ಮಗಳು ಕೇಳಿದಾಗ ಅವನು ಮಷೀನಿನಿಂದ ತಲೆ ಎತ್ತದೆ 'ಏಳು' ಅಂದಿದ್ದ. ಅವಳು ಹಾಗೇ ಬರೆದಿದ್ದಳು.

ಕೆಳಗೆ ನಿಶಾ ಟೀಚರ್ ಬರೆದಿದ್ದರು: 'ಹೇಳಿಕೊಟ್ಟವರು ನಾಳೆ ಬಂದು ಬೋರ್ಡಿನ ಮೇಲೆ ಹಂತ ಹಂತವಾಗಿ ಮಾಡಿ ತೋರಿಸಲಿ. ಆಮೇಲೆ ಸ್ಕಾಲರ್‌ಶಿಪ್ ಪರೀಕ್ಷೆಗೆ ಹೆಸರು.' ಆ ನಾಳೆ ಎಂದರೆ ಇಂದೇ, ಹನ್ನೆರಡೂವರೆಗೆ.

"ಕಾಟನ್ ಮೊದಲು ನೀರಾಗ ನೆನಸಬೇಕು ಬೇಟಿ. ಗಿಡ್ಡ ಆಗ್ತದ. ಎಂಟನೇದಕ್ಕ ಬಟ್ಟಿ ಎಲ್ಲಿಂದ ತರ್ಲಿ?"

"ಪುಸ್ತಕದಾಗ ನೀರೇ ಇಲ್ಲ ಅಬ್ಬಾ," ಎಂದು ಬುಷರಾ ಕಣ್ಣೊರೆಸಿಕೊಂಡಳು.

ಪಕ್ಕದ ಖೋಲಿಯ ದಾನವ್ವ ಮೆಂತ್ಯೆಸೊಪ್ಪು ಸೋಸುತ್ತಲೇ ಬಾಗಿಲಿಗೆ ಬಂದಳು. "ಏಳು ಅಂತ ಮಾತ್ರ ಅನ್ನಬ್ಯಾಡಪಾ. ಒಂದರ ಬಟ್ಟಿ ದರ್ಜಿನೇ ನುಂಗ್ಯಾನ ಅಂತಾರ ಮಂದಿ."

ಇಪ್ಪತ್ತು ವರ್ಷದಲ್ಲಿ ಗಿರಾಕಿಯ ಬಟ್ಟೆಯಿಂದ ಒಂದು ಕರವಸ್ತ್ರವನ್ನೂ ಉಳಿಸಿಕೊಂಡವನಲ್ಲ ಸಿಕಂದರ. ಮಾತು ಎದೆಗೇ ನಾಟಿತು.

ವಿಕ್ರೋಳಿಯ ಫ್ಯಾಕ್ಟರಿಯಲ್ಲಿ ರಾತ್ರಿಪಾಳಿ ಮುಗಿಸಿ ಬಂದ ಎದುರು ಖೋಲಿಯ ಶಿವಪುತ್ರ ನಿದ್ದೆಯನ್ನೂ ಬಿಟ್ಟು, ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ನೆಲದ ಮೇಲೆ ಬರೆಯತೊಡಗಿದ.

"ಮೊದಲ ದಶಾಂಶದ ಬಿಂದು ತಗೀಬೇಕು. ಎರಡೂವರಿ ಇಪ್ಪತ್ತೈದು ಆತು. ಇಪ್ಪತ್ತು ಇನ್ನೂರಾತು."

"ಇನ್ನೂರು ಮೀಟರ್? ಯಾರು ಕೊಟ್ರು ಶಿವಪುತ್ರಣ್ಣ?" ಎಂದ ಸಿಕಂದರ.

"ಯಾರೂ ಕೊಟ್ಟಿಲ್ಲೋ. ಎರಡನ್ನೂ ಹತ್ತರಿಂದ ಗುಣಿಸೀವಿ. ಈಗ ಭಾಗಿಸು, ಎಂಟು. ನೀರಿನ ಹೆಸರು ತಗೀಬ್ಯಾಡ."

ಸಿಕಂದರ ಶಾಲೆಯ ದಾರಿಯುದ್ದಕ್ಕೂ 'ಇಪ್ಪತ್ತೈದು, ಇನ್ನೂರು, ಎಂಟು' ಎಂದು ಗೊಣಗುತ್ತ ನಡೆದ. ತನ್ನ ಬಾಯಿಂದ ಮಗಳ ದಾರಿ ತಪ್ಪಿತಲ್ಲ ಎಂಬ ಸಂಕಟ ಅವನಿಗೆ.

ತರಗತಿಯಲ್ಲಿ ಬೋರ್ಡಿನ ಮುಂದೆ ನಿಂತು ಚಾಕ್ ಹಿಡಿದ. ಬಿಂದು ತೆಗೆದ, ಗುಣಿಸಿದ, ಭಾಗಿಸಿದ, ಕೊನೆಗೆ 'ಎಂಟು' ಎಂದು ದೊಡ್ಡದಾಗಿ ಬರೆದು ಅಡಿಗೆರೆ ಎಳೆದ. ಮಕ್ಕಳು ಚಪ್ಪಾಳೆ ತಟ್ಟಿದರು. ಟೀಚರ್ ಅವನಿಂದ ಕೆಳಗೆ ಸಹಿ ಹಾಕಿಸಿ, ಫೋಟೋ ತೆಗೆದು ಪಾಲಕರ ಗ್ರೂಪಿಗೆ ಕಳಿಸಿದರು. ಬುಷರಾಳ ಹೆಸರು ಪಟ್ಟಿಗೆ ಸೇರಿತು. ಸಿಕಂದರ ಬೆಳಗಿನಿಂದ ಹಿಡಿದಿದ್ದ ಉಸಿರು ಬಿಟ್ಟ.

ಆಗ ಟೀಚರ್ ಕಪಾಟಿನಿಂದ ಒಂದು ಗಂಟು ತಂದು ಅವನ ಕೈಗಿಟ್ಟರು.

"ಇಪ್ಪತ್ತು ಮೀಟರ್ ಉಂಟು, ಕಾಟನ್. ವಾರ್ಷಿಕೋತ್ಸವಕ್ಕೆ ನಾವು ಎಂಟು ಜನ ಟೀಚರ್‌ಗಳಿಗೆ ಒಂದೇ ಬಣ್ಣದ ಕುರ್ತಾ ಆಗ್ಬೇಕು. ಮೂರು ಟೇಲರ್‌ಗಳನ್ನು ಕೇಳಿದೆ. ಎಲ್ಲರೂ ಏಳೇ ಆಗುದು ಅಂತಾರೆ, ಕಳ್ಳರು. ಲೆಕ್ಕ ಗೊತ್ತಿದ್ದ ಪ್ರಾಮಾಣಿಕ ಮನುಷ್ಯ ನೀವು ಇವತ್ತು ಸಿಕ್ಕಿದ್ರಿ ನೋಡಿ."

ಸಿಕಂದರ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಹೊಸದು, ಗಂಜಿ ಕೂಡ ಬಿಟ್ಟಿರಲಿಲ್ಲ. ಬೋರ್ಡಿನ ಮೇಲೆ ಅವನದೇ ಎಂಟು, ಕೆಳಗೆ ಅವನದೇ ಸಹಿ.

ಬುಷರಾ ಅವನ ತೋಳು ಜಗ್ಗಿ ಮೆಲ್ಲಗೆ ಕೇಳಿದಳು, "ಅಬ್ಬಾ, ಇದನ್ನ ನೀರಾಗ ನೆನಸಬೇಕಾ?"