ಕೂಲರಿನ ಮುಂದೆ ನೂರಕ್ಕೆ ಮೂವತ್ತು

ಆಗ ನನಗೆ ಅರವತ್ತಾರು. ಅದಾಗಿ ಮೂರು ಬೇಸಿಗೆ ಕಳೆದಿವೆ. ಅಂಕಿ ಓದುತ್ತೇನೆ, ನನ್ನ ಹೆಸರು ಬರೆಯುತ್ತೇನೆ. ಅದಕ್ಕಿಂತ ಹೆಚ್ಚು ಕಲಿತವರೂ ಮೋಸ ಹೋಗುವುದನ್ನು ನೋಡಿ ಮುಂದೆ ಕಲಿಯುವ ಗೋಜಿಗೆ ಹೋಗಲಿಲ್ಲ.

ನಾಲವಾರದ ನಮ್ಮ ಮನೆಗೆ ಮೇಲೆಯೂ ಹಾಸುಗಲ್ಲು, ಕೆಳಗೂ ಹಾಸುಗಲ್ಲು. ಹಗಲೆಲ್ಲ ಕಾದು, ರಾತ್ರಿ ರೊಟ್ಟಿ ಹಂಚಿನಂತೆ ಕಾವು ಬಿಡುತ್ತದೆ. ನನ್ನ ಗಂಡ ಹಂಚಿನ ಮೇಲೆ ಮಲಗಿಸಿದರೂ ಗೊರಕೆ ಹೊಡೆಯುವವ. ನನಗೆ ಆ ಬೇಸಿಗೆಯಲ್ಲಿ ಕಣ್ಣು ಮುಚ್ಚಿದ ನೆನಪಿಲ್ಲ. ಬೇಕಾಗಿದ್ದು ಒಂದೇ, ನಿದ್ದೆ. ಅದಕ್ಕೊಂದು ಕೂಲರು.

ಆಗಲೇ ಮೈಕು ಕಟ್ಟಿದ ಆಟೋ ಊರೊಳಗೆ ಬಂತು. ವಾಡಿಯ ಒಂದು ಅಂಗಡಿಯಲ್ಲಿ ಕೂಲರಿಗೆ ನೂರಕ್ಕೆ ಮೂವತ್ತು ಬಿಡುತ್ತಾರಂತೆ. ನಾಳೆಯೇ ಕೊನೆಯಂತೆ.

ಈ ‘ನೂರಕ್ಕೆ ಇಷ್ಟು’ ನನಗೆ ಹೊಸದಲ್ಲ. ತೊಗರಿ ಮಾರಲು ಹೋದರೆ ಕ್ವಿಂಟಲಿಗೆ ಇಷ್ಟು ಧೂಳು, ಇಷ್ಟು ಹಸಿ ಎಂದು ವ್ಯಾಪಾರಿ ಮುರಿದುಕೊಳ್ಳುತ್ತಾನೆ. ಒಟ್ಟಿಗೆ ಮುರಿಯಲು ಬಿಟ್ಟರೆ ಕೈಚಳಕ ತೋರಿಸುತ್ತಾನೆ. ಹಾಗಾಗಿ ನಾನು ಒಂದೊಂದು ನೂರಕ್ಕೆ ಬೇರೆ ಬೇರೆಯಾಗಿ ಮುರಿಸುತ್ತೇನೆ. ಕೂಲರಿಗೂ ಅದೇ ಕಾನೂನು ಎಂದು ತೀರ್ಮಾನಿಸಿ, ಒಂದು ಚೀಲ ತೊಗರಿ ಕಟ್ಟಿಕೊಂಡು ರೈಲು ಹತ್ತಿದೆ. ಒಂದು ಕಾಳಿಗೆ ಒಂದು ರೂಪಾಯಿ.

ಪಕ್ಕದ ಮನೆಯ ಈರಮ್ಮ ಮಿಕ್ಸರ್ ತರಲು ಜೊತೆಗೆ ಬಂದಳು.

“ತೊಗರಿ ಯಾಕ ಬೇ? ಕೂಲರಿಗೆ ಬ್ಯಾಳಿ ಮಾಡಿ ಉಣ್ಣಸ್ತಿಯೇನು?”

“ಲೆಕ್ಕಕ್ಕ. ನಿನ್ಹಂಗ ಅಂಗಡಿಯವ ಹೇಳಿದಷ್ಟು ಕೊಟ್ಟು ಬರಾಕಿ ಅಲ್ಲ ನಾ.”

ಅಂಗಡಿಯಲ್ಲಿ ಉಳಿದಿದ್ದು ಒಂದೇ ಕೂಲರು. ಜನ ನೋಡಲಿ ಎಂದು ಅದನ್ನು ಹಚ್ಚಿಟ್ಟಿದ್ದರು. ಮೇಲೆ ಎಂಟು ಸಾವಿರ ಎಂದು ಬರೆದು, ಪಕ್ಕದಲ್ಲಿ ಮೂವತ್ತು, ಅದರ ಮುಂದೆ ಎರಡು ಸೊನ್ನೆ, ನಡುವೆ ಒಂದು ಕೋಲು.

“ಬರ್ರಿ ಅಮ್ಮಾ, ಕುಂದ್ರಿ. ಐದು ಸಾವಿರದ ಆರನೂರು ಆಗ್ತದ,” ಎಂದ ಅಂಗಡಿಯವ.

“ನೀ ಹೇಳಬ್ಯಾಡ. ಕಾಳು ಹೇಳಲಿ.”

“ಯಾವ ಕಾಳ್ರಿ?”

“ನೂರು ಎಣಿಸಿ ಮೂವತ್ತು ತೆಗೀತೀನಿ. ಹಂಗ ಎಂಬತ್ತು ಸರ್ತಿ. ನಡುವ ಯಾರೂ ಮಾತಾಡಸಬ್ಯಾಡ್ರಿ.”

ಅವನು ಈರಮ್ಮನ ಮುಖ ನೋಡಿದ. ಈರಮ್ಮ ಮೇಲಿನ ಛತ್ತು ನೋಡಿದಳು.

ಕೂಲರಿನ ಮುಂದೆಯೇ ನೆಲದ ಮೇಲೆ ಕೂತೆ. ಮೊದಲ ಎರಡು ನೂರು ಸರಳವಾಗಿ ಮುಗಿದವು. ಮೂರನೆಯದಕ್ಕೆ ಕಾಳುಗಳು ಉರುಳತೊಡಗಿದವು. ಬಿಟ್ಟ ಮೂವತ್ತನ್ನು ಗಾಳಿ ಕಪಾಟಿನ ಕೆಳಗೆ ಒಯ್ದಿತು. ಮೊಣಕಾಲೂರಿ ಹಿಡಿದು ತಂದು, ಮತ್ತೆ ಎಣಿಸಿದೆ. ಗಿರಾಕಿಗಳು ನನ್ನನ್ನು ದಾಟಿಕೊಂಡು ಓಡಾಡಿದರು.

ಎಂಟನೇ ನೂರಿನ ಹೊತ್ತಿಗೆ ಕೂಲರಿನ ಒದ್ದೆ ಹುಲ್ಲಿನ ವಾಸನೆ ಮೂಗಿಗೆ ಹತ್ತಿತು. ಒಳಗೆಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ನಲವತ್ತೊಂದು, ನಲವತ್ತೆರಡು, ನಲವತ್ತೆರಡು, ನಲವತ್ತೆರಡು.

ನಮ್ಮ ಹೊಲ. ತಣ್ಣನೆ ಗಾಳಿ. ತೊಗರಿ ಹಳದಿಯಾಗಿ ಹೂಬಿಟ್ಟು ಅಲೆಯಂತೆ ಬಾಗುತ್ತಿದೆ. ಆಕಾಶ ಕೈಗೆಟುಕುವಷ್ಟು ಕೆಳಗಿದೆ. ಅಂಗಡಿಯವ ಏಣಿ ಹಾಕಿ, ನೂರು ನಕ್ಷತ್ರಕ್ಕೆ ಮೂವತ್ತರಂತೆ ಬಿಡಿಸಿ ಗೋಣಿಗೆ ತುಂಬುತ್ತಿದ್ದಾನೆ.

“ಚಂದ್ರಗ ಎಷ್ಟು ಬಿಡ್ತಿ?” ಎಂದೆ.

“ಚಂದ್ರಗ ಆಫರ್ ಇಲ್ರಿ ಅಮ್ಮಾ.”

ಆಗಲಿ ಬಿಡು ಎಂದೆ. ನಿದ್ದೆಯಲ್ಲಿ ನಾನು ಭಾಳ ಒಳ್ಳೆಯವಳು.

ಎಚ್ಚರವಾದದ್ದು ಬೆವರಿಗೆ. ಎದುರಿಗೆ ಕೂಲರಿಲ್ಲ. ಅದು ನಿಂತಿದ್ದ ಜಾಗ ಚೌಕವಾಗಿ ಒದ್ದೆಯಾಗಿತ್ತು. ಈರಮ್ಮ ಕೈಯಲ್ಲಿ ಹಗ್ಗ ಹಿಡಿದು ನಿಂತಿದ್ದಳು.

“ಕೂಲರ್ ಎಲ್ಲದ?”

“ಹೊರಗ ಟಂಟಂ ಆಟೋದಾಗ. ಇನ್ನೊಬ್ಬ ಬಂದು ಕೇಳಾಕತ್ತಿದ್ದ, ನಾನೇ ತಗೊಂಡೆ. ಮಿಕ್ಸರ್ ರೊಕ್ಕ ಇತ್ತು. ಉಳದದ್ದು ನಮ್ಮನಿಯವರು ಫೋನಿನಾಗ ಹಾಕಿದ್ರು.”

“ನನ್ನ ಎಬ್ಬಸಬಾರದೇನು?”

“ಮಾತಾಡಸಬ್ಯಾಡ ಅಂದಾಕಿ ನೀನೇ.”

“ಎಷ್ಟು ಕೊಟ್ಟಿ?”

“ಐದು ಸಾವಿರದ ಆರನೂರು.”

ಅದು ಸರಿಯೋ ತಪ್ಪೋ ನನಗೆ ಇಂದಿಗೂ ಗೊತ್ತಿಲ್ಲ. ನನ್ನ ಲೆಕ್ಕ ಎಂಟನೇ ನೂರಿನಲ್ಲಿ ಮಲಗಿದ್ದು ಇನ್ನೂ ಎದ್ದಿಲ್ಲ.

ಅಂಗಡಿಯವ ಕಸದ ಮೊರ ಮುಂದೆ ಹಿಡಿದ. “ನಿಮ್ಮ ತೊಗರಿ ಗೂಡಿಸಿಟ್ಟೀನ್ರಿ ಅಮ್ಮಾ. ಎಣಿಸಿ ತಗೊಳ್ರಿ.”

ಎಣಿಸಲಿಲ್ಲ. ದಾರಿಯುದ್ದಕ್ಕೂ ಟಂಟಂನಲ್ಲಿ ಈರಮ್ಮ ಮುಂದೆ ಆರಾಮಾಗಿ ಕೂತಳು. ಕೂಲರು ಬೀಳದಂತೆ ಹಿಂದೆ ಅಪ್ಪಿಕೊಂಡು ಕೂತವಳು ನಾನು. ತಬ್ಬಿಕೊಂಡರೂ ಅದು ಗಾಳಿ ಕೊಡಲಿಲ್ಲ.

ಮರುದಿನ ಬೆಳಕು ಹರಿಯುತ್ತಲೇ ಎರಡು ಕೊಡ ನೀರು ಹೊತ್ತು ಈರಮ್ಮನ ಮನೆಗೆ ಹೋದೆ. ಕೇಳದೆಯೇ ಕೂಲರಿಗೆ ಸುರಿದು, ಅದರ ಮುಂದೆ ಅಡ್ಡಾದೆ. ಈರಮ್ಮ ಒಳಗೆ ಇಣುಕಿ ನೋಡಿದಳು.

“ಎರಡೇ ಕೊಡ ಏನು? ಇಷ್ಟರಾಗ ಮಧ್ಯಾಹ್ನದ ತನಕ ಬರಂಗಿಲ್ಲ. ಇನ್ನೊಂದು ತಾ.”

ಎದ್ದು ಹೋಗಿ ತಂದೆ.