ಸದ್ದಿಲ್ಲದ ದೋಣಿ

ಬೇರೆ ಹೆಂಗಸರ ಗಂಡಂದಿರು ಅರವತ್ತಾದ ಮೇಲೆ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಸಂಜೆ ಕಟ್ಟೆಯ ಮೇಲೆ ಕೂತು ರಾಜಕೀಯ ಮಾತಾಡುತ್ತಾರೆ. ನಮ್ಮವರು ದೋಣಿ ತಂದರು. ಹತ್ತು ಜನ ಕೂಡುವ, ತಲೆಯ ಮೇಲೆ ಚಾವಣಿ ಇರುವ, ಒಳಗೆ ಮಲಗಲು ಎರಡು ಹಲಗೆ ಇರುವ ಫೈಬರ್ ದೋಣಿ. ಗೋವಾ ಕಡೆಯಿಂದ ಲಾರಿಯ ಮೇಲೆ ಬಂದ ಅದು ರಬಕವಿಯ ನಮ್ಮ ಓಣಿಯಲ್ಲಿ ಮೂರು ಮನೆಗಳ ತಗಡಿನ ಪತ್ರಾಸು ಕಿತ್ತುಹಾಕಿ, ಮೂರೂ ಮನೆಯವರಿಂದ ಬೈಸಿಕೊಂಡು, ನಮ್ಮ ಹಿತ್ತಲಿಗೆ ಬಂದು ನಿಂತಿತು.

ನಿಂತಿತು ಎಂದರೆ ನಿಂತೇ ಬಿಟ್ಟಿತು. ಅದಕ್ಕೆ ಎಂಜಿನ್ ಇರಲಿಲ್ಲ. ಯಾವ ಎಂಜಿನ್ ಕೂಡಿಸಬೇಕು ಎಂದು ನಮ್ಮ ಯಜಮಾನರಾದ ಶಿವಯೋಗಿಯವರು (ಹನ್ನೆರಡು ಮಗ್ಗಗಳ ಒಡೆಯರು, ಒಬ್ಬ ಹೆಂಡತಿಯ ಅಧೀನರು) ಎಂಟು ತಿಂಗಳು ಘೋರ ತಪಸ್ಸು ಮಾಡಿದರು. ಆ ಎಂಟು ತಿಂಗಳಲ್ಲಿ ನಾನು ದೋಣಿಯ ಚಾವಣಿಯ ಮೇಲೆ ಸಂಡಿಗೆ ಒಣಗಿಸಿದೆ, ಶಾವಿಗೆ ಒಣಗಿಸಿದೆ, ಒಮ್ಮೆ ಸಿಟ್ಟು ಬಂದು ಅವರ ಶರ್ಟುಗಳನ್ನೂ ಒಣಗಿಸಿದೆ.

ಅವರ ಕಷ್ಟ ಏನೆಂದರೆ, ಬರೀ ಬ್ಯಾಟರಿ ಮೋಟಾರು ಸಾಕೋ, ಬ್ಯಾಟರಿಯ ಜೊತೆ ಡೀಸೆಲ್ಲೂ ಇರುವ ಹೈಬ್ರಿಡ್ ಬೇಕೋ ಎಂಬುದು. ಹೈಬ್ರಿಡ್‌ನಲ್ಲೂ ಎರಡು ಪಂಗಡಗಳಿವೆಯಂತೆ. ಒಂದರಲ್ಲಿ ಡೀಸೆಲ್ ಎಂಜಿನ್ನೂ ಮೋಟಾರೂ ಎರಡೂ ನೇರವಾಗಿ ದೋಣಿಯ ಪಂಖಾ ತಿರುಗಿಸುತ್ತವೆ. ಇನ್ನೊಂದರಲ್ಲಿ ಡೀಸೆಲ್ ಎಂಜಿನ್ ಪಂಖಾದ ಗೊಡವೆಗೇ ಹೋಗುವುದಿಲ್ಲ, ಕರೆಂಟು ಹುಟ್ಟಿಸಿ ಬ್ಯಾಟರಿಗೆ ಕೊಡುತ್ತದೆ, ಬ್ಯಾಟರಿ ಮೋಟಾರಿಗೆ ಕೊಡುತ್ತದೆ, ತಿರುಗಿಸುವುದು ಮೋಟಾರು ಮಾತ್ರ. ಇದನ್ನು ಅವರು ಊಟಕ್ಕೆ ಕೂತಾಗಲೆಲ್ಲ ರೊಟ್ಟಿ ಮುರಿದು ಇಟ್ಟು ತೋರಿಸುತ್ತಿದ್ದರು. ನನಗೆ ತಿಳಿದದ್ದು ಇಷ್ಟು: ಮೊದಲನೆಯದರಲ್ಲಿ ಅತ್ತೆ ಸೊಸೆಗೆ ನೇರವಾಗಿ ಬೈಯುತ್ತಾಳೆ, ಎರಡನೆಯದರಲ್ಲಿ ಮಗನಿಗೆ ಹೇಳಿ ಬೈಸುತ್ತಾಳೆ.

ಬರೀ ಬ್ಯಾಟರಿಯೇ ಸಾಕಲ್ಲವೇ ಎಂದು ನಾನು ಹೇಳಿದರೆ ಅವರು ಒಪ್ಪುತ್ತಿರಲಿಲ್ಲ. ನಲವತ್ತು ವರ್ಷ ಲೋಡ್‌ಶೆಡ್ಡಿಂಗ್ ಉಂಡ ಮನುಷ್ಯ ಅವರು.

“ಕರೆಂಟ್ ನಂಬಿ ಮಗ್ಗ ನಡಸೇನಿ, ಹೊಳ್ಯಾಗ ಇಳಿಯಾಕ ನಂಬಂಗಿಲ್ಲ” ಎಂದರು. “ಮಗ್ಗ ನಿಂತ್ರ ನಾವು ಚಾ ಕುಡೀತೀವಿ. ದೋಣಿ ನಿಂತ್ರ ಮೊಸಳಿ ಬಂದು ನಮ್ಮನ್ನ ವಿಚಾರಸತಾವ.”

ದೋಣಿ ಹಿತ್ತಲಲ್ಲೇ ಮುದಿಯಾಗಲಿ ಎಂದು ನಾನು ಸುಮ್ಮನಿದ್ದೆ. ಆದರೆ ಕಾರ್ತಿಕದಲ್ಲಿ ಹಾಲವ್ವ ಬಂದುಹೋದ ಮೇಲೆ ಸುಮ್ಮನಿರುವಂತಿರಲಿಲ್ಲ.

ಹಾಲವ್ವ ಯಾರೆಂದರೆ, ಬೀಳಗಿಯ ಚನಮಲ್ಲಪ್ಪನವರ ಹೆಂಡತಿ, ಕಾವ್ಯಳ ತಾಯಿ. ಕಾವ್ಯ ಯಾರೆಂದರೆ, ನನ್ನ ಮಗ ಅಜಯನಿಗೆ ನೋಡಿದ ಹನ್ನೊಂದನೆಯ ಹುಡುಗಿ. ಮೊದಲಿನ ಹತ್ತೂ ಹುಡುಗಿಯರು ಮಗ್ಗದ ಮನೆ ಎಂದ ಕೂಡಲೇ ಬೇಡವೆಂದಿದ್ದರು. ಕಾವ್ಯ ಮಾತ್ರ ಅಜಯನ ಜೊತೆ ಎರಡು ಸಲ ಫೋನಿನಲ್ಲಿ ಮಾತಾಡಿ, ಮೂರನೆಯ ಸಲ ತಾನೇ ಫೋನು ಮಾಡಿದ್ದಳು. ಅಜಯನಿಗೆ ಮೂವತ್ತೆರಡು. ಆ ಫೋನು ಬಂದಾಗ ಅವನ ಮುಖ ನೋಡಿ ನನಗೆ ಕಣ್ಣಲ್ಲಿ ನೀರು ಬಂದಿತ್ತು. ಈ ಸಂಬಂಧ ತಪ್ಪಿದರೆ ಅವನು ಇನ್ನೊಂದು ಹುಡುಗಿ ನೋಡಲು ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕಾವ್ಯಳ ತಾಯಿ-ತಂದೆ ಮನೆ ನೋಡಲು ಬಂದ ದಿನ ನಾವು ನಮ್ಮ ಹನ್ನೆರಡೂ ಮಗ್ಗ ನಿಲ್ಲಿಸಿದ್ದೆವು. ಎಡಗಡೆ, ಬಲಗಡೆ, ಹಿಂದಿನ ಓಣಿಯವರು ನಿಲ್ಲಿಸಬೇಕಲ್ಲ? ಖಟಕ್ ಖಟಕ್ ಖಟಕ್ ಎಂದು ಅವು ಹೊಡೆದುಕೊಳ್ಳುತ್ತಲೇ ಇದ್ದವು. ನಮಗೆ ಅದು ಕೇಳಿಸುವುದೇ ಇಲ್ಲ. ಮೇಲಾಗಿ ಆ ಸದ್ದಿನಿಂದ ಒಂದು ಅನುಕೂಲವೂ ಉಂಟು: ಬಂದವರ ಬಗ್ಗೆ ಬಂದವರ ಮುಂದೆಯೇ ಗಂಡ ಹೆಂಡತಿ ಮಾತಾಡಿಕೊಳ್ಳಬಹುದು, ಅವರಿಗೆ ಒಂದಕ್ಷರ ತಿಳಿಯುವುದಿಲ್ಲ. ಮದುವೆಯಾದಾಗಿನಿಂದ ನಾನು ಹಾಗೆಯೇ ಸಂಸಾರ ಮಾಡಿದ್ದೇನೆ. ಆದರೆ ಹಾಲವ್ವ ಅರ್ಧ ತಾಸು ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು ಕೂತು, ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು:

“ಅಕ್ಕಾರ, ಈ ಮನ್ಯಾಗ ಯಾರು ಏನು ಮಾತಾಡತಾರ ಅಂತ ತಿಳಿಯಂಗಿಲ್ಲ. ಮಾತು ತಿಳೀಲಾರದ ಮನಿಗೆ ಹುಡುಗಿ ಹೆಂಗ ಕೊಡೂದ್ರಿ?”

ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಹೋದರು. ಅಜಯ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಗ ನನ್ನ ತಲೆಯಲ್ಲಿ ಆ ದಿವ್ಯ ಯೋಚನೆ ಉದಯಿಸಿತು. ಎಲ್ಲರೂ ಹೊಲಕ್ಕೆ ಹೋಗಿ ಪೂಜೆ ಮಾಡಿ ಉಣ್ಣುವ ಎಳ್ಳಮವಾಸ್ಯೆಗೆ ಅವರನ್ನು ನಮ್ಮ ಹೊಲಕ್ಕೆ ಕರೆಯುವುದು. ಹೊಲ ಕೃಷ್ಣೆಯ ದಂಡೆಯಲ್ಲಿದೆ. ಬ್ಯಾರೇಜಿನ ಹಿನ್ನೀರಿನಲ್ಲಿ ಹೋದರೆ ನಾಲ್ಕೇ ಕಿಲೋಮೀಟರು, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಧೂಳು ತಿನ್ನುತ್ತ ಹದಿನಾಲ್ಕು. ದೋಣಿಯಲ್ಲಿ ಕೂತು, ತಣ್ಣಗೆ, ನಿಶ್ಶಬ್ದವಾಗಿ, ಬೀಗರು ಬೀಗರು ಬಾಯಿ ತುಂಬ ಮಾತಾಡುತ್ತ ಹೋಗುವುದು. ನಾವೂ ನಾಲ್ಕು ಮಾತು ಬಲ್ಲವರು ಎಂದು ಹಾಲವ್ವನಿಗೆ ತಿಳಿಯುತ್ತದೆ.

ಅಂದೇ ರಾಜಾಜ್ಞೆ ಹೊರಡಿಸಿದೆ: ಬರೀ ಬ್ಯಾಟರಿ, ಡೀಸೆಲ್ ಹನಿಯೂ ಬೇಡ. ಅವರು ಮೊಸಳೆಯನ್ನು ಮತ್ತೆ ಕರೆತಂದರು. ಅಮಾವಾಸ್ಯೆಯ ಅಡುಗೆಗೆಲ್ಲ ಡೀಸೆಲ್ ವಾಸನೆ ಬಡಿಯುತ್ತದೆ ಎಂದೆ. ಬ್ಯಾಟರಿ ದಾರಿಯಲ್ಲಿ ಮುಗಿದರೆ ಎಂದರು. ಆಗ ನಾನು ಅವರ ಬಾಣವನ್ನು ಅವರಿಗೇ ತಿರುಗಿಸಿದೆ. ವೇಗ ಎರಡು ಪಟ್ಟು ಮಾಡಿದರೆ ಮೋಟಾರು ಎಂಟು ಪಟ್ಟು ಕರೆಂಟು ಕುಡಿಯುತ್ತದೆ, ನಿಧಾನ ಹೋದರೆ ಇಪ್ಪತ್ತೈದು ಕಿಲೋಮೀಟರು ಬರುತ್ತದೆ ಎಂದು ಎಂಟು ತಿಂಗಳು ರೊಟ್ಟಿ ಮುರಿದು ಪಾಠ ಹೇಳಿದವರು ಯಾರು? ಹೋಗುವುದು ನಾಲ್ಕು, ಬರುವುದು ನಾಲ್ಕು, ನಿಧಾನವೇ ನಮಗೆ ಬೇಕಾದದ್ದು.

“ನೋಡ್ರಿ,” ಎಂದೆ ಕೊನೆಗೆ, “ನಲವತ್ತು ವರ್ಷ ಈ ಖಟಕ್ ಖಟಕ್‌ನ್ಯಾಗ ಬಾಳೇ ಮಾಡೇನಿ. ನನ್ನ ಮಗನ ಸಲುವಾಗಿ ಒಂದು ದಿನ ಸುಮ್ಮನ ಇರೂ ಜಾಗಾ ಕೊಡ್ರಿ.”

ಅವರು ಸೋತರು. ಮೋಟಾರು ಬಂತು, ನಾಲ್ಕು ಬ್ಯಾಟರಿ ಬಂದವು, ಮೊಸಳೆಯ ಸಮಾಧಾನಕ್ಕೆ ಎರಡು ಹುಟ್ಟುಗಳೂ ಬಂದವು.

ಎಳ್ಳಮವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು, ಮತ್ತೆ ಲಾರಿಯ ಮೇಲೆ ಸಾಗಿಸಿ ಹೊಳೆಗೆ ಇಳಿಸಿದ್ದ ದೋಣಿ ಏರಿದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಮೊಸರು, ಬುಟ್ಟಿ ತುಂಬ ಶೇಂಗಾ ಹೋಳಿಗೆ. ಮುಂದಿನ ಸೀಟಿನಲ್ಲಿ ಹಾಲವ್ವ, ಚನಮಲ್ಲಪ್ಪನವರು. ನಡುವೆ ಕಾವ್ಯ, ಎದುರಿಗೆ ಅಜಯ. ಹಿಂದೆ ಚುಕ್ಕಾಣಿ ಹಿಡಿದು ನಮ್ಮವರು, ಪಕ್ಕದಲ್ಲಿ ನಾನು. ನಮ್ಮವರು ಗುಂಡಿ ತಿರುಗಿಸಿದರು. ಏನೂ ಕೇಳಿಸಲಿಲ್ಲ. ಕೆಟ್ಟಿತೆಂದುಕೊಂಡೆ, ನೋಡಿದರೆ ದಂಡೆ ಹಿಂದೆ ಸರಿಯುತ್ತಿತ್ತು. ದೂರದ ಕಬ್ಬಿನ ಗದ್ದೆಯಲ್ಲಿ ಯಾರೋ ಕೆಮ್ಮಿದ್ದು ಕೂಡ ಕೇಳಿಸಿತು. ಹಾಲವ್ವ ತಿರುಗಿ, ಎಷ್ಟು ಛಲೋ ಅನಿಸುತ್ತದೆ ಎಂದರು. ನನ್ನ ಎದೆ ಉಬ್ಬಿತು.

ಹಸಿವಾಗಬಾರದೆಂದು ನಾನು ಹೋಳಿಗೆ ಬುಟ್ಟಿಯನ್ನು ಮೊದಲೇ ಮುಂದಕ್ಕೆ ಕಳಿಸಿದ್ದೆ, ನಾನೇ ಮಾಡಿದ್ದು ಎಂದು ಹೇಳಿಯೂ ಇದ್ದೆ. ಹಾಲವ್ವ ಒಂದು ತಿಂದರು, ಹೊಗಳಿದರು. ಎರಡು ತಿಂದರು, ಹೊಗಳಿದರು. ಮೂರನೆಯದನ್ನು ಹೊಗಳದೆಯೇ ತಿಂದರು. ಆಗ ನನಗೆ ಭಯವಾಯಿತು, ನಮ್ಮವರು ನಿಜ ಬಾಯಿ ಬಿಟ್ಟಾರೆಂದು. ಎಂದಿನಂತೆ ಅವರ ಕಿವಿಯ ಹತ್ತಿರ ಬಾಗಿ, ಎಂದಿನಂತೆ ಗುಟ್ಟಾಗಿ ಹೇಳಿದೆ:

“ಹೋಳಿಗಿ ನಮ್ಮ ಓಣ್ಯಾಗಿನ ಶೇವಂತಿಯ ಅಂಗಡ್ಯಾಗಿಂದ ತರಸೀವಿ ಅಂತ ಎಲ್ಲೆರ ಅಂದೀರಿ ಮತ್ತ. ನಾಕನೇದಕ್ಕ ಕೈ ಹಾಕ್ಯಾಳ ನೋಡ್ರಿ ಆಕಿ, ನಮ್ಮ ಪಾಲಿಗೆ ಬುಟ್ಟಿ ಅಷ್ಟ ಉಳೀತೈತಿ. ಹುಡುಗಿ ಮಾತ್ರ ಬಂಗಾರದಂಥಾಕಿ, ನಮ್ಮ ಮನಿಗೆ ಬಂದ್ರ ನಮ್ಮ ಪುಣ್ಯಾ. ತಾಯಿ ಹಂಗ ಬಾಯಿ ಕಲೀದಿದ್ರ ಸಾಕು.”

ಹೇಳಿ ಮುಗಿಸಿದ ಮೇಲೆ ನೋಡುತ್ತೇನೆ, ಹಾಲವ್ವನ ಕೈ ಬುಟ್ಟಿಯ ಮೇಲೆ ನಿಂತಿದೆ. ಚನಮಲ್ಲಪ್ಪನವರು ನೀರನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದಾರೆ. ಅಜಯ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದಾನೆ.

ಆಗ ನನಗೆ ಹೊಳೆಯಿತು. ನಮ್ಮ ರಬಕವಿಯ ಗುಟ್ಟು ಎಂದರೆ ಹನ್ನೆರಡು ಮಗ್ಗಗಳ ಸದ್ದನ್ನು ದಾಟಿ ಗಂಡನ ಕಿವಿ ಮುಟ್ಟುವ ಗುಟ್ಟು. ಮಗ್ಗ ತೆಗೆದರೆ ಅದು ಡಂಗುರ. ನಲವತ್ತು ವರ್ಷ ನಾನು ಯಾರ ಯಾರ ಬಗ್ಗೆ ಹೀಗೆ ಗುಟ್ಟು ಹೇಳಿದ್ದೆನೋ ಎಲ್ಲರೂ ಒಮ್ಮೆಗೇ ನೆನಪಾದರು. ಮೊಸಳೆ ಬರಲಿ ಎಂದು ಮನಸಾರೆ ಬೇಡಿಕೊಂಡೆ, ಒಂದೂ ಬರಲಿಲ್ಲ.

ನಮ್ಮವರು ಬಾಗಿ ತಾವೂ ಗುಟ್ಟಾಗಿ ಹೇಳಿದರು: “ಡೀಸೆಲ್ ಇರಬೇಕಿತ್ತಲೇ.”

ಅದೂ ಎಲ್ಲರಿಗೂ ಕೇಳಿಸಿತು. ಕಾವ್ಯ ಓಢಣಿಯಿಂದ ಬಾಯಿ ಮುಚ್ಚಿಕೊಂಡಳು, ಅವಳ ಭುಜ ಅಲುಗಾಡುತ್ತಿತ್ತು. ಅಳುತ್ತಾಳೆಂದುಕೊಂಡೆ. ಮಗನ ಬಾಳನ್ನು ನನ್ನ ಕೈಯಾರೆ, ಅಲ್ಲ, ಬಾಯಾರೆ ಹಾಳು ಮಾಡಿದೆನಲ್ಲ ಎಂದು ತಲೆ ತಗ್ಗಿಸಿದೆ.

ಹಾಲವ್ವ ನಾಲ್ಕನೆಯ ಹೋಳಿಗೆಯನ್ನು ಎತ್ತಿಕೊಂಡರು. ಅವಸರವಿಲ್ಲದೆ ತಿಂದರು. ನೀರಿನಲ್ಲಿ ಕೈ ಅದ್ದಿ ತೊಳೆದು, ಸೆರಗಿಗೆ ಒರೆಸಿಕೊಂಡು, ನನ್ನ ಕಡೆ ತಿರುಗಿದರು.

“ಬೀಗ್ತಿ,” ಎಂದರು. ಅಲ್ಲಿಯವರೆಗೆ ಅಕ್ಕಾರ ಎನ್ನುತ್ತಿದ್ದವರು. “ಮುಂದ ಕುಂತು ಹೊಗಳಿದ್ದು ನಾ ನಂಬಂಗಿಲ್ಲ. ಹಿಂದ ಆಡಿದ್ದು ಖರೆ ಇರತೈತಿ. ನಮ್ಮ ಹುಡುಗಿ ಬಂಗಾರದಂಥಾಕಿ ಅಂದ್ರಿ, ಕೇಳಿದ್ನಿ. ಸಂಬಂಧ ಆತು.”

ಕಾವ್ಯ ಓಢಣಿ ತೆಗೆದಳು. ನಗುತ್ತಿದ್ದಳು ಹುಡುಗಿ, ಮೊದಲಿನಿಂದಲೂ. ಅಜಯನ ಮುಖ ಅರಳಿದ್ದು ನೋಡಿ ನಾನು ಎದ್ದು ನಿಲ್ಲಲು ಹೋದೆ, ದೋಣಿ ವಾಲಿತು, ನಮ್ಮವರು ಹಿಡಿದು ಕೂಡಿಸಿದರು.

“ಆದ್ರ ಒಂದು ಮಾತು ಐತ್ರಿ” ಎಂದರು ಹಾಲವ್ವ. “ಮದಿವಿ ಆದಮ್ಯಾಲ ನಮ್ಮ ಹುಡುಗಿ ಬಗ್ಗೆ ಏನರ ಆಡೂದಿದ್ರ ಮನ್ಯಾಗ ಆಡಬ್ಯಾಡ್ರಿ. ಹೊತ್ತು ಗೊತ್ತು ಮಾಡಿ ಒಂದು ಫೋನ್ ಹಚ್ಚರಿ. ನಾ ಬೀಳಗಿಯಿಂದ ಬಂದು ಈ ದೋಣ್ಯಾಗ ಮುಂದ ಕುಂಡ್ರತೇನಿ, ನೀವು ಹಿಂದ ಕುಂತು ಗುಟ್ಟು ಮಾತಾಡ್ರಿ.”

ನಾನು ಆಗಲಿ ಎಂದೆ. ಮದುವೆಯಾಗಿ ರಬಕವಿಗೆ ಬಂದ ಮೇಲೆ ಅಷ್ಟು ಮೆಲ್ಲಗೆ ನಾನು ಮಾತಾಡಿದ್ದು ಅದೇ ಮೊದಲು. ಪಕ್ಕದಲ್ಲೇ ಇದ್ದ ನಮ್ಮವರಿಗೂ ಕೇಳಿಸಲಿಲ್ಲವಂತೆ.