ತಪ್ಪು ಜಾಗದಲ್ಲಿ ಹಚ್ಚಿದ ಬೆಂಕಿ

ಕೆಲವರ ಉದ್ಯೋಗವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಮೇಷ್ಟರು, ಡಾಕ್ಟರು ಎಂದರೆ ಸಾಕು. ನನ್ನದನ್ನು ವಿವರಿಸಲು ಹೊರಟರೆ ಎದುರಿನವರ ಕಾಫಿ ಆರಿಹೋಗುತ್ತದೆ. ಅದಕ್ಕೇ ನನ್ನ ಹೆಂಡತಿ ಸುಮಾ, ಪುಣೆಗೆ ಬಂದ ಹೊಸತರಲ್ಲಿ, ನಾನು ಆಫೀಸಿನಲ್ಲಿ ಬೆಂಕಿ ಹಚ್ಚುತ್ತೇನೆಂದು ಅಕ್ಕಪಕ್ಕದವರಿಗೆ ಚುಟುಕಾಗಿ ಹೇಳಿಬಿಟ್ಟಿದ್ದಳು. ಕೆಳಮನೆಯವರು ಬಹಳ ದಿನ ತಮ್ಮ ಸ್ಕೂಟರನ್ನು ನಮ್ಮ ಕಿಟಕಿಯಿಂದ ದೂರವೇ ನಿಲ್ಲಿಸುತ್ತಿದ್ದರು. ಅವಳು ಹೇಳಿದ್ದು ಸುಳ್ಳೂ ಅಲ್ಲ. ಉಕ್ಕಿನ ಕಟ್ಟಡದೊಳಗೆ ಯಾವುದೋ ಒಂದು ಕಡೆ ಮಾತ್ರ ಬೆಂಕಿ ಬಿದ್ದರೆ ಅದರ ತೊಲೆ, ಕಂಬಗಳು ಏನಾಗುತ್ತವೆಂದು ಕಂಪ್ಯೂಟರಿನಲ್ಲಿ ಸುಟ್ಟು ನೋಡುವುದು ನನ್ನ ಕೆಲಸ. ಉಕ್ಕು ಉರಿಯುವುದಿಲ್ಲ, ಕಾದಂತೆ ಮೆತ್ತಗಾಗಿ ಬಾಗುತ್ತದೆ. ಎಷ್ಟು ಹೊತ್ತಿಗೆ ಬಾಗುತ್ತದೆಂದು ತಿಳಿದರೆ ಒಳಗಿದ್ದವರಿಗೆ ಹೊರಗೋಡಲು ಸಮಯವಿದೆಯೇ ಎಂಬುದೂ ತಿಳಿಯುತ್ತದೆ. ಎಂಟುನೂರು ಡಿಗ್ರಿಯ ಈ ಬೆಂಕಿಯನ್ನು ನಾನು ಅಧ್ಯಯನ ಮಾಡುತ್ತಿದ್ದದ್ದು ಪುಣೆಯ ಖರಾಡಿಯಲ್ಲಿದ್ದ ಆಫೀಸಿನ ಏಸಿಗೆ ಹೆದರಿ ಸ್ವೆಟರ್ ಹಾಕಿಕೊಂಡು.

ಎರಡು ಸಾವಿರದ ದಶಕದ ನಡುವೆ, ಪುಣೆಯಾಚೆಯ ಕುರಕುಂಭದ ಒಂದು ಕಾರ್ಖಾನೆಯ ಗೋದಾಮು ನನ್ನ ಪಾಲಿಗೆ ಬಂತು. ಒಳಗೆಲ್ಲ ಬೇಗ ಹೊತ್ತಿಕೊಳ್ಳುವ ದ್ರಾವಕದ ಡ್ರಮ್ಮುಗಳು. ನಾನು ನಕ್ಷೆ ನೋಡಿ, ಸರಿಯಾಗಿ ಗೋದಾಮಿನ ನಡುಮಧ್ಯೆ ಬೆಂಕಿ ಹಚ್ಚಿದೆ. ಮಧ್ಯದಲ್ಲಿ ಹಚ್ಚಿದರೆ ಎರಡೂ ಬದಿ ಒಂದೇ ರೀತಿ ಕಾಯುವುದರಿಂದ ಅರ್ಧ ಕಟ್ಟಡದ ಲೆಕ್ಕ ಹಾಕಿದರೆ ಸಾಕು. ಇದನ್ನೇ ವರದಿಯಲ್ಲಿ ಇಂಗ್ಲಿಷಿನಲ್ಲಿ ಬರೆದರೆ ಸೋಮಾರಿತನದಂತೆ ಕಾಣುವುದಿಲ್ಲ. ಕಂಪ್ಯೂಟರು ಎರಡು ದಿನ ಬಿಡದೆ ಓಡಬೇಕಿತ್ತು. ಯಾರೂ ಸ್ವಿಚ್ ಮುಟ್ಟಬಾರದೆಂದು ಮರಾಠಿಯಲ್ಲಿ ಒಂದು ಚೀಟಿ ಬರೆದು ಅಂಟಿಸಿದೆ. ಅದರಲ್ಲಿದ್ದ ತಪ್ಪುಗಳನ್ನು ಓದಿ ನಗಲೆಂದೇ ಜನ ಸ್ವಿಚ್ಚಿನ ಹತ್ತಿರ ಬರತೊಡಗಿದರು. ಅಂತೂ ಉತ್ತರ ಬಂತು: ನಡುವಿನ ತೊಲೆ ಮುಕ್ಕಾಲು ಗಂಟೆಯ ಮೇಲೆ ಸ್ವಲ್ಪ ಜೋತುಬೀಳುತ್ತದೆ, ಕಂಬಗಳು ತಣ್ಣಗೆ ನಿಂತಿರುತ್ತವೆ. ಸಹಿ ಹಾಕಿ, ಬೈಂಡ್ ಮಾಡಿಸಿ, ಬಣ್ಣಬಣ್ಣದ ಚಿತ್ರಗಳೊಂದಿಗೆ ಕುರಕುಂಭಕ್ಕೆ ಹೊರಟೆ.

ಮ್ಯಾನೇಜರು ಯಾವುದೋ ಮೀಟಿಂಗಿನಲ್ಲಿದ್ದರು. ಗೋದಾಮಿನ ಬಾಗಿಲಲ್ಲಿ ಕಾಯುತ್ತಿರುವಾಗ ಸುಮಾ ಫೋನ್ ಮಾಡಿ, ನಾನು ಮನೆಯ ಬೀಗದ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿರುವುದನ್ನು ತಿಳಿಸಿದಳು. ನನ್ನ ಕನ್ನಡದ ಕ್ಷಮಾಯಾಚನೆ ಕೇಳಿ, ಕಸ ಗುಡಿಸುತ್ತಿದ್ದ ನಾಗಮ್ಮ ಎಂಬಾಕೆ ಹತ್ತಿರ ಬಂದು, ನಾನು ತಮ್ಮ ಕಡೆಯವನೇ ಎಂದು ಕೇಳಿದಳು. ಆಕೆ ಕಲಬುರಗಿ ಸೀಮೆಯವಳು, ನಾನು ಮೈಸೂರಿನವನು. ಕುರಕುಂಭದಲ್ಲಿ ನಿಂತು ನೋಡಿದರೆ ಎರಡೂ ಒಂದೇ ಕಡೆ. ಹೌದೆಂದೆ. ಹೇಗೂ ಹೊತ್ತು ಹೋಗಬೇಕಿತ್ತು, ಚಿತ್ರ ಬಿಡಿಸಿ ಬೆಂಕಿಯ ಕತೆ ಹೇಳಿದೆ. ಆಕೆ ತದೇಕಚಿತ್ತದಿಂದ ನೋಡಿದಳು.

"ನಡುವ ಯಾಕ ಬೆಂಕಿ ಹಚ್ಚೀರಿ ಸಾಹೇಬ್ರ? ಅಲ್ಲಿ ಗಾಡಿ ತಿರುಗತದ್ರಿ, ಏನೂ ಇಡೂದಿಲ್ಲ. ಡ್ರಮ್ಮು ಉರುಳಬಾರದಂತ ಕಂಬಕ್ಕ ಆನಿಸಿ ಇಡ್ತೀವ್ರಿ."

ಒಳಗೆ ಇಣುಕಿದೆ. ಪ್ರತಿ ಕಂಬವನ್ನೂ ಡ್ರಮ್ಮುಗಳು ತಬ್ಬಿಕೊಂಡು ನಿಂತಿದ್ದವು. ಸೂರು ಹೊತ್ತಿರುವುದೇ ಆ ಕಂಬಗಳು. ಸ್ವೆಟರ್ ಇಲ್ಲದೆಯೂ ನನಗೆ ಬೆವರಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಸಹಿಯಂತೂ ಆಗಿಹೋಗಿತ್ತು. ಅಷ್ಟರಲ್ಲಿ ನಾಗಮ್ಮ ಮೆಲ್ಲಗೆ ಕೇಳಿದಳು:

"ನಾವು ಒಂಬತ್ತು ಮಂದಿ ದಿನಾ ಒಳಗೇ ಇರ್ತೀವ್ರಿ. ಓಡಾಕ ಟೈಮ್ ಸಿಗತದಲ್ರಿ?"

ಮ್ಯಾನೇಜರು ಬಂದು ವರದಿಗೆ ಕೈ ಚಾಚಿದಾಗ, ಅದನ್ನು ಎದೆಗೆ ಅವಚಿಕೊಂಡು, ಸಣ್ಣದೊಂದು ತಪ್ಪಿದೆ, ಒಂದು ವಾರ ಕೊಡಿ ಎಂದು ನನ್ನ ಮರಾಠಿಯಲ್ಲಿ ಬೇಡಿಕೊಂಡೆ. ಅದರ ಅರ್ಥ ಏನಾಯಿತೋ, ಅವರು ನನಗೆ ನೀರು ತರಿಸಿಕೊಟ್ಟು, ಸುಧಾರಿಸಿಕೊಳ್ಳಲು ಹೇಳಿದರು.

ಬೆಂಕಿಯನ್ನು ಕಂಬದ ಬುಡಕ್ಕೆ ಸರಿಸಿ ಮತ್ತೆ ಓಡಿಸಿದೆ. ಈ ಸಲ ಅರ್ಧ ಲೆಕ್ಕ ಸಾಲದಾಯಿತು, ನಾಲ್ಕು ದಿನ ಹಿಡಿಯಿತು. ಕಾಲು ಗಂಟೆ ತುಂಬುವ ಮೊದಲೇ ಕಂಬ ಸೊಂಟ ಬಾಗಿಸಿತು, ಸೂರು ಅದರ ಹಿಂದೆಯೇ ಇಳಿಯಿತು. ಹೊಸ ವರದಿ ಓದಿದ ಮ್ಯಾನೇಜರು ಡ್ರಮ್ಮುಗಳನ್ನು ಬೇರೆ ಕಡೆಗೆ ಸಾಗಿಸಿ, ಕಂಬಗಳ ಸುತ್ತ ಹಳದಿ ಪಟ್ಟೆ ಬಳಿಸಿ, ಅದರೊಳಗೆ ಏನೂ ಇಡಕೂಡದೆಂದು ಕಟ್ಟುನಿಟ್ಟು ಮಾಡಿದರು. ಹೊರಗೋಡಲೆಂದು ಗೋದಾಮಿಗೆ ಎರಡನೆಯ ಬಾಗಿಲೊಂದನ್ನೂ ಇಡಿಸಿದರು.

ಆಮೇಲೆ ನಮ್ಮ ಆಫೀಸಿನಲ್ಲಿ ಈ ಕೆಲಸದ ಬಗ್ಗೆ ಭಾಷಣ ಮಾಡಲು ನನ್ನನ್ನೇ ನಿಲ್ಲಿಸಿದರು. ಕೊನೆಯಲ್ಲಿ ನಿರ್ದೇಶಕರು, ನಕ್ಷೆಯಲ್ಲೆಲ್ಲೂ ಇಲ್ಲದ ಈ ಅಪಾಯ ನನಗೆ ಹೊಳೆದದ್ದಾದರೂ ಹೇಗೆ ಎಂದು ಮೆಚ್ಚುಗೆಯಿಂದ ಕೇಳಿದರು. ನಾನು ಕನ್ನಡಕ ಸರಿಪಡಿಸಿಕೊಂಡು, ಅದೆಲ್ಲ ಅನುಭವದಿಂದ ಬರುತ್ತದೆ ಸರ್ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರ ಅನುಭವ ಎಂದು ಅವರು ಕೇಳಲಿಲ್ಲ.